ತಮ್ಮನ ಆಂಪ್ಲಿಫೈಯರಿನ ಗುಂಯ್ ಸದ್ದಿನ ಬಗ್ಗೆ ನಾಲ್ಕನೇ ತಿದ್ದುಪಡಿ

ಸದ್ದು ಮತ್ತು ಶಾಂತಿ ನಿರ್ವಹಣಾ ಶಾಖೆ
ಸುತ್ತೋಲೆ ಸಂಖ್ಯೆ: ಸಶಾನಿ/ಗುಂಯ್/17/ತಿದ್ದುಪಡಿ-4
ದಿನಾಂಕ: ಬೀಳ್ಕೊಡುಗೆಗೆ ಎರಡು ಕೆಲಸದ ದಿನ ಬಾಕಿ ಇರುವಂತೆ

ವಿಷಯ: ಟಪಾಲು ಗುಮಾಸ್ತರು ಮನೆಯಲ್ಲೇ ತಯಾರಿಸಿದ ವಾಲ್ವ್ ಗಿಟಾರ್ ಆಂಪ್ಲಿಫೈಯರಿನ ನಾದ ಸುಧಾರಣೆ ಕುರಿತು.

ಉಲ್ಲೇಖ: 1) ಇದೇ ವಿಷಯದ ಹಿಂದಿನ ನಾಲ್ಕು ಸುತ್ತೋಲೆಗಳು (ಒಂದನ್ನೊಂದು ರದ್ದುಪಡಿಸಿರುವಂಥವು). 2) ದಾಖಲೆ ಕೊಠಡಿಯ ದೂರು. 3) ಅಕ್ಕನವರ ಮೌಖಿಕ ಹೇಳಿಕೆ.

ಪ್ರಸ್ತಾವನೆ:
ದೂರವಾಣಿ ಕೊಠಡಿಯಲ್ಲಿ ಮೂವತ್ತೊಂದು ವರ್ಷ ಕರೆಗಳನ್ನು ಜೋಡಿಸಿಕೊಟ್ಟ ಆಪರೇಟರ್ (ಕಚೇರಿಗೆಲ್ಲ ‘ಅಕ್ಕ’) ಬರುವ ಶುಕ್ರವಾರ ನಿವೃತ್ತರಾಗಲಿದ್ದಾರೆ. ಅವರ ಒಡಹುಟ್ಟಿದ ಟಪಾಲು ಗುಮಾಸ್ತರು (ಕಚೇರಿಗೆಲ್ಲ ‘ತಮ್ಮ’, ವಯಸ್ಸು ಐವತ್ತೆರಡು) ಅಂದು ಅಕ್ಕನಿಗಾಗಿ ಗಿಟಾರ್ ನುಡಿಸುವುದಾಗಿ ಮಾತು ಕೊಟ್ಟು, ಹಳೇ ರೇಡಿಯೋದ ವಾಲ್ವುಗಳನ್ನು ತಗಡಿನ ಟಪಾಲು ಪೆಟ್ಟಿಗೆಯಲ್ಲಿ ಕೂರಿಸಿ ಸದರಿ ಯಂತ್ರವನ್ನು ತಯಾರಿಸಿರುತ್ತಾರೆ. ಮೊದಲ ಪರೀಕ್ಷೆಯಲ್ಲಿ ಗಿಟಾರಿಗಿಂತ ಮುಂಚೆ ಗುಂಯ್ ಎಂಬ ಸದ್ದು ಕೇಳಿಬಂದು, ಗಿಟಾರ್ ನಿಂತ ಮೇಲೂ ಮುಂದುವರಿಯಿತು. ‘ಮಂತ್ರಕ್ಕಿಂತ ಉಗುಳೇ ಜಾಸ್ತಿ’ ಎಂದು ದಾಖಲೆ ಕೊಠಡಿಯವರು ಮೂರು ಪ್ರತಿಗಳಲ್ಲಿ ದೂರು ಸಲ್ಲಿಸಿದರು.

ಗುಂಯ್ ನಿಲ್ಲದಿದ್ದಲ್ಲಿ ತಮ್ಮನ ವಾದನವನ್ನು ಕೈಬಿಟ್ಟು, ಅಧೀಕ್ಷಕರ ಧ್ವನಿಮುದ್ರಿತ ಅಭಿನಂದನಾ ಭಾಷಣವನ್ನು (ನಲವತ್ತು ನಿಮಿಷ) ಕೇಳಿಸುವುದೆಂದು ಮೊದಲ ಸುತ್ತೋಲೆಯಲ್ಲಿ ಆದೇಶಿಸಲಾಗಿತ್ತು. ಅಂದಿನಿಂದ ತಮ್ಮನ ಮುಖ ಬಾಡಿದ್ದು, ಇಡೀ ಕಚೇರಿಯೇ ಹಿಂದೆಂದೂ ತೋರದ ಹುರುಪಿನಿಂದ ನಾದ ಸುಧಾರಣೆಗೆ ಟೊಂಕ ಕಟ್ಟಿ ನಿಂತಿದೆ. ಈ ಹುರುಪನ್ನು ಹತೋಟಿಗೆ ತರುವ ಸಲುವಾಗಿ ಕೆಳಕಂಡಂತೆ ಸೂಚಿಸಲಾಗಿದೆ.

1. ವಾಲ್ವುಗಳು ಬಿಸಿಯಾಗುವವರೆಗೆ ನಾದದ ಬಗ್ಗೆ ಯಾರೂ ಅಭಿಪ್ರಾಯ ಕೊಡತಕ್ಕದ್ದಲ್ಲ. ಬಿಸಿಯಾದ ವಾಲ್ವುಗಳ ಮೇಲೆ ಚಹಾದ ಲೋಟ ಇಡುವುದನ್ನು ಈ ಕ್ಷಣದಿಂದ ನಿಲ್ಲಿಸತಕ್ಕದ್ದು.

2. ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ಬೆರಳು ಹಾಕಕೂಡದು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಕರೆಂಟು ಉಳಿದಿರುತ್ತದೆ. ಇದು ಯಾರೋ ಹೇಳಿ ಕೇಳಿದ್ದಲ್ಲ, ಅಧೀಕ್ಷಕರ ಬಲಗೈ ತೋರುಬೆರಳು ಅನುಭವಿಸಿ ತಿಳಿದದ್ದು. ಆ ಸಂದರ್ಭದಲ್ಲಿ ಅವರ ಬಾಯಿಂದ ಬಂದ ಮಾತುಗಳನ್ನು ಕಡತದಿಂದ ತೆಗೆಯಲಾಗಿದೆ.

3. ಟ್ರಾನ್ಸ್‌ಫಾರ್ಮರನ್ನು ತುಸು ತಿರುಗಿಸಿ ಕೂರಿಸಿದರೆ ಗುಂಯ್ ಕಡಿಮೆಯಾಗುತ್ತದೆಂದು ತಮ್ಮನವರು ವರದಿ ಮಾಡಿರುತ್ತಾರೆ. ಎಷ್ಟು ತಿರುಗಿಸಬೇಕೆಂಬುದನ್ನು ತೀರ್ಮಾನಿಸಲು ರಚಿಸಿದ್ದ ಐದು ಜನರ ಉಪಸಮಿತಿಯು, ಟ್ರಾನ್ಸ್‌ಫಾರ್ಮರನ್ನು ಇದ್ದಲ್ಲೇ ಬಿಟ್ಟು ಸಭಾಂಗಣದ ಕುರ್ಚಿಗಳನ್ನು ತಿರುಗಿಸಿರುವುದು ವಿಷಾದನೀಯ. ಕುರ್ಚಿಗಳನ್ನು ಮೊದಲಿನಂತೆ ಇಡತಕ್ಕದ್ದು.

4. ‘ಗುಂಯ್ ಯಂತ್ರದ್ದಲ್ಲ, ಗೋಡೆಯದ್ದು’ ಎಂಬ ವಾದವನ್ನು ಪರಿಶೀಲಿಸಲಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯಿತೆಂದು ಅದನ್ನು ತಳ್ಳಿಹಾಕಲಾಗಿದೆ. ಗೋಡೆಗೆ ನೀಡಿದ್ದ ನೋಟಿಸನ್ನು ಹಿಂಪಡೆಯಲಾಗಿದೆ.

5. ಯಂತ್ರದ ಮುಂಭಾಗದ ಮೂರನೇ ಗುಂಡಿಯ ಬಗ್ಗೆ: ಅಧಿಕಾರಿಗಳ ಉಪಯೋಗಕ್ಕೆಂದು ತಮ್ಮನವರು ಒದಗಿಸಿದ ಈ ಗುಂಡಿಯನ್ನು ಏಳು ಅಧಿಕಾರಿಗಳು ತಲಾ ಒಂದಿಷ್ಟು ತಿರುಗಿಸಿ, ‘ನಾದ ಗಣನೀಯವಾಗಿ ಸುಧಾರಿಸಿದೆ’ ಎಂದು ಸಹಿ ಮಾಡಿರುತ್ತಾರೆ. ಸದರಿ ಗುಂಡಿಗೆ ಒಳಗಡೆ ಯಾವುದೇ ತಂತಿ ಜೋಡಿಸಿಲ್ಲವೆಂದು ನಿನ್ನೆ ತಿಳಿದುಬಂದಿದೆ. ವಿವರಣೆ ಕೇಳಲಾಗಿ ತಮ್ಮ, “ಸಾರ್, ಎಲ್ಲರೂ ಎಲ್ಲಾ ಗುಂಡೀನೂ ತಿರುಗಿಸ್ತಿದ್ರು, ನಾನೇನ್ ಮಾಡ್ಲಿ. ಅದೊಂದು ಇದ್ರೆ ಮಿಕ್ಕಿದ್ದು ಉಳ್ಕೊಳತ್ತೆ ಅಂತ ಹಾಕ್ದೆ” ಎಂದು ಉತ್ತರಿಸಿರುತ್ತಾರೆ. ಆದಾಗ್ಯೂ ಏಳು ಸಹಿಗಳು ಬಿದ್ದಿರುವ ಕಾರಣ ಸುಧಾರಣೆ ಆಗಿದೆಯೆಂದೇ ಪರಿಗಣಿಸತಕ್ಕದ್ದು. ಗುಂಡಿಗೆ ತಂತಿ ಜೋಡಿಸಿ ಆ ಸಹಿಗಳಿಗೆ ಧಕ್ಕೆ ತರಕೂಡದು.

6. ಮೇಲ್ಕಂಡ ಗುಂಡಿಯನ್ನು ಎಂಟನೆಯವರಾಗಿ ತಿರುಗಿಸಲು ಅರ್ಜಿ ಹಾಕಿದವರು ಸಾಲಿನಲ್ಲಿ ಬರತಕ್ಕದ್ದು.

7. ನಿನ್ನೆ ಮಧ್ಯಾಹ್ನ ತಮ್ಮನವರು ಅರ್ತ್ ತಂತಿಗಳನ್ನೆಲ್ಲ ಒಂದೇ ಜಾಗದಲ್ಲಿ ಬೆಸೆದ ಪರಿಣಾಮವಾಗಿ ಗುಂಯ್ ಪೂರ್ತಿ ನಿಂತಿತು. ದಾಖಲೆ ಕೊಠಡಿಯವರು ದೂರನ್ನು ಹಿಂಪಡೆದರು. ತಮ್ಮನವರು ಮೂರು ವಾರದ ನಂತರ ಮೊದಲ ಬಾರಿಗೆ ನಕ್ಕು, ಅಕ್ಕನನ್ನು ಕರೆತಂದು ನುಡಿಸಿ ತೋರಿಸಿದರು.

8. ಅಕ್ಕನವರು ಪೂರ್ತಿ ಕೇಳಿ, ಪೆಟ್ಟಿಗೆಗೆ ಕಿವಿಯಿಟ್ಟು ನೋಡಿ, ನೀಡಿದ ಹೇಳಿಕೆಯನ್ನು ಇದ್ದದ್ದು ಇದ್ದ ಹಾಗೆ ದಾಖಲಿಸಲಾಗಿದೆ: “ಚೆನ್ನಾಗ್ ನುಡಿಸ್ದೆ ಕಣೋ. ಆದ್ರೆ ಆ ಗುಂಯ್ ಯಾಕೋ ತೆಗ್ದೆ? ಮೂವತ್ತೊಂದು ವರ್ಷ ಕಿವೀಲಿ ಅದನ್ನೇ ಇಟ್ಕೊಂಡು ಕೂತಿದ್ದೀನಿ. ಗುಂಯ್ ಅಂತಿದ್ರೆ ಆ ಕಡೆ ಯಾರೋ ಇದ್ದಾರೆ ಅಂತ. ಸುಮ್ನಾಯ್ತು ಅಂದ್ರೆ ಲೈನ್ ಕಟ್ಟಾಯ್ತು ಅಂತ. ಶುಕ್ರವಾರ ನನ್ ಲೈನ್ ಕಟ್ ಮಾಡ್ಬೇಡ.”

9. ಈ ಹೇಳಿಕೆಯ ನಂತರ ಸಭಾಂಗಣದಲ್ಲಿ ಯಾರೂ ಯಾವ ಗುಂಡಿಯನ್ನೂ ತಿರುಗಿಸಲಿಲ್ಲ. ಅಧೀಕ್ಷಕರ ಕಣ್ಣಿಗೆ ಬಿದ್ದ ಧೂಳಿನ ಬಗ್ಗೆ ಸ್ವಚ್ಛತಾ ಶಾಖೆಯಿಂದ ವರದಿ ಕೇಳಲಾಗಿದೆ.

10. ಆದುದರಿಂದ ಹಿಂದಿನ ಎಲ್ಲಾ ಆದೇಶಗಳನ್ನು ರದ್ದುಪಡಿಸಿ, ತಮ್ಮನು ಬೆಸುಗೆ ಬಿಚ್ಚಿ ಗುಂಯ್ ಸದ್ದನ್ನು ಪುನಃ ಸ್ಥಾಪಿಸತಕ್ಕದ್ದೆಂದು ಆದೇಶಿಸಲಾಗಿದೆ. ಅಧೀಕ್ಷಕರ ಧ್ವನಿಮುದ್ರಿತ ಭಾಷಣವನ್ನು, ಸಿಬ್ಬಂದಿಯ ಸರ್ವಾನುಮತದ ಕೋರಿಕೆಯ ಮೇರೆಗೆ, ಭದ್ರವಾಗಿ ಬೀರುವಿನಲ್ಲಿ ಇಡಲಾಗುವುದು.

11. ಶುಕ್ರವಾರ ವಾದನ ಮುಗಿದ ಮೇಲೂ ಯಂತ್ರವನ್ನು ಯಾರೂ ಆರಿಸತಕ್ಕದ್ದಲ್ಲ. ಅಕ್ಕನವರು ಗೇಟು ದಾಟುವವರೆಗೆ ಗುಂಯ್ ಕೇಳಿಸುತ್ತಿರತಕ್ಕದ್ದು.

(ಸಹಿ)
ಅಧೀಕ್ಷಕರು
(ತೋರುಬೆರಳಿಗೆ ಪಟ್ಟಿ ಇರುವುದರಿಂದ ಎಡಗೈ ಸಹಿ)

ಪ್ರತಿಗಳು:
1. ದಾಖಲೆ ಕೊಠಡಿಗೆ: ಇನ್ನು ದೂರು ಬೇಡ.
2. ಮೂರನೇ ಗುಂಡಿ ತಿರುಗಿಸಿದ ಏಳು ಅಧಿಕಾರಿಗಳಿಗೆ: ಗೋಪ್ಯ.
3. ಗೋಡೆಗೆ: ಅಂಟಿಸಲು.
4. ತಮ್ಮನಿಗೆ: ತಕ್ಷಣದ ಕ್ರಮಕ್ಕಾಗಿ.
5. ಅಕ್ಕನವರಿಗೆ: ಪ್ರತಿ ಕಳಿಸುವುದಿಲ್ಲ. ತಮ್ಮನವರು ಆಂಪ್ಲಿಫೈಯರ್ ಹಚ್ಚಿದರೆ ಸಾಕು, ಅವರಿಗೆ ತಿಳಿಯುತ್ತದೆ.