ಎಷ್ಟು ಹೊತ್ತು ಕಾಯಬೇಕು

ಜೋಡಿ ಕಂಪ್ಯೂಟರ್ ಇಟ್ಟ ಕಡೆಯೆಲ್ಲ ಎಡವಟ್ಟೊಂದು ನಡೆದೇ ನಡೆಯುತ್ತೆ. ನಾನು ರಿಪೇರಿ ಬ್ಯಾಗು ಹಿಡಿದು ಹೋಗೋದು ಆಮೇಲೆ.

ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಒಬ್ಬ ಇಂಜಿನಿಯರ್ ಹಿಂದೆ ವೈರು ಹಿಡಿದು ತಿರುಗಿ ಈ ಕೆಲಸ ಕಲಿತೆ. ಎರಡು ಸಾವಿರದ ಇಸವಿ ಆಚೀಚೆ ಮಾತು. ಒಂದು ಕಂಪ್ಯೂಟರ್ ದುಡಿಯುತ್ತೆ. ಇನ್ನೊಂದು ಪಕ್ಕದಲ್ಲಿ ಕೂತು ಸೆಕೆಂಡಿಗೊಂದು ಸಲ ವೈರಿನಲ್ಲಿ ‘ಇದ್ದೀಯಾ?’ ಅಂತ ಕೇಳುತ್ತೆ. ‘ಇದ್ದೀನಿ’ ಅಂತ ಬರದಿದ್ದರೆ ಇಷ್ಟು ಹೊತ್ತು ಅಂತ ಕಾದು, ಅದು ಸತ್ತಿತು ಅಂದುಕೊಂಡು ತಾನೇ ಕೆಲಸ ಶುರು ಮಾಡುತ್ತೆ. ಎಷ್ಟು ಹೊತ್ತು ಕಾಯಬೇಕು ಅಂತ ಇಡೋನು ನಾನು. ಕಮ್ಮಿ ಇಟ್ಟರೆ ಬದುಕಿರೋದನ್ನೇ ಸತ್ತಿದೆ ಅನ್ನುತ್ತೆ. ಜಾಸ್ತಿ ಇಟ್ಟರೆ ಜನ ಸಾಲಿನಲ್ಲಿ ನಿಂತು ಬೈತಾರೆ.

ನನ್ನನ್ನ ‘ಇದ್ದೀಯಾ’ ಅಂತ ಕೇಳೋರು ಇರಲಿಲ್ಲ. ಹಾಸನದಲ್ಲಿ ಒಂದು ಮನೆ ಹಿಂದುಗಡೆ ಒಂಟಿ ರೂಮು. ಬೆಳಿಗ್ಗೆ ಹೊರಡುವಾಗ ಓನರಮ್ಮನ ಅಡುಗೆಮನೆ ಕಿಟಕಿಗೆ “ಓಗ್ಬತ್ತೀನಮ್ಮ” ಅನ್ನೋದು ರೂಢಿ. ಒಳಗಿಂದ ಪಾತ್ರೆ ಸದ್ದು ಬಿಟ್ಟರೆ ಇನ್ನೇನೂ ಬರ್ತಿರಲಿಲ್ಲ. ನಾನು ಇಲ್ಲದಿದ್ದರೆ ಎಷ್ಟು ದಿನಕ್ಕೆ ಗೊತ್ತಾದೀತು ಅಂತ ಬಸ್ಸಿನಲ್ಲಿ ಕೂತು ಯೋಚಿಸ್ತಿದ್ದೆ.

೧. ಡಾಕ್ಟರ ಅವಸರ

ಹೊಳೆನರಸೀಪುರದ ಒಂದು ನರ್ಸಿಂಗ್ ಹೋಮು. ಡಾಕ್ಟರು ಹೇಳಿದರು, “ಹತ್ತು ಸೆಕೆಂಡು ಯಾಕ್ರೀ? ಎರಡು ಇಡಿ.”

“ಸಾ, ಅದು ಬೇರೆ ಕೆಲಸದಲ್ಲಿದ್ರೆ ಓ ಅನ್ನೋದು ತಡ ಆಗ್ತದೆ.”

“ಕರೆದ ತಕ್ಷಣ ಓ ಅನ್ನಬೇಕಪ್ಪ” ಅಂತ ಹೇಳಿ, ತೋರಿಸೋಕೆ ಅಂತ ಕಾಂಪೌಂಡರನ್ನ ಕೂಗಿದರು. ಇಲ್ಲ. ಮತ್ತೆ ಕೂಗಿದರು. ಸುಮಾರು ಹೊತ್ತಾದ ಮೇಲೆ ಬಾಯಿ ಒರೆಸ್ಕೊಂಡು ಬಂದ, “ಚಿತ್ರಾನ್ನ ತಿಂತಿದ್ದೆ ಸಾ.”

ಡಾಕ್ಟರು ನನ್ನ ಕಡೆ ನೋಡಲಿಲ್ಲ. “ಹನ್ನೆರಡೇ ಇಡಿ” ಅಂದರು.

೨. ಕಿಟಕಿ ಸೀಟು

ಚನ್ನರಾಯಪಟ್ಟಣದ ಬಸ್ ಬುಕಿಂಗ್ ಆಫೀಸಿನವನು ಆಯುಧಪೂಜೆಗೆ ಕಂಪ್ಯೂಟರ್ ಎರಡನ್ನೂ ಒರೆಸಿ, ಕುಂಕುಮ ಇಟ್ಟು, ಹಾರಕ್ಕೆ ಅಡ್ಡ ಬರುತ್ತೆ ಅಂತ ನಡುವಿನ ವೈರು ಕಿತ್ತು ಡ್ರಾಯರಿಗೆ ಹಾಕಿದ್ದ. ಇದು ಸತ್ತಿತು ಅಂತ ಅದು, ಅದು ಸತ್ತಿತು ಅಂತ ಇದು. ಎರಡೂ ಮೈಮೇಲೆ ಬಂದ ಹಾಗೆ ಟಿಕೆಟ್ ಕೊಟ್ಟವು. ನಾನು ಹೋಗೋ ಹೊತ್ತಿಗೆ ಒಂದೇ ಕಿಟಕಿ ಸೀಟಿಗೆ ಇಬ್ಬರು ಚೀಟಿ ಹಿಡಿದು ಜಗಳಕ್ಕೆ ನಿಂತಿದ್ದರು.

“ವೈರು ಯಾಕೆ ಕಿತ್ರಿ?” ಅಂದೆ.

ಅವನು ಆ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, “ಇಬ್ರೂ ಸಣ್ಣಕ್ಕವ್ರೆ ಕಣ್ ಸಾ, ಸಾಕಾಯ್ತದೆ” ಅಂದ.

೩. ಸುಮ್ಮನೆ ಕೂರೋ ಕೆಲಸ

ಅರಕಲಗೂಡಿನ ಗೊಬ್ಬರದಂಗಡಿಯಲ್ಲಿ ಎರಡನೇ ಕಂಪ್ಯೂಟರ್ ಆಫ್ ಆಗಿತ್ತು, ಮೇಲೆ ಟವೆಲ್ ಹೊದಿಸಿತ್ತು.

“ಇದು ಆನಲ್ಲಿದ್ದು ಅದನ್ನ ನೋಡ್ತಾ ಕೂರ್ಬೇಕು ಯಜಮಾನ್ರೇ.”

“ಏನೂ ಮಾಡ್ದೆ ನೋಡ್ತಾ ಕೂರಕ್ಕೆ ನಮ್ಮಾವ ಅವ್ರೆ ಕಣಪ್ಪ” ಅಂತ ಮೂಲೆಯ ಕುರ್ಚಿ ತೋರಿಸಿದರು. ಕುರ್ಚಿಯಿಂದ ಒಂದು ಕೆಮ್ಮು ಬಂತು, “ನಾನು ಕರೆಂಟೂ ತಿನ್ನಲ್ಲ.”

೪. ಒಂಬತ್ತನೇ ದಿನ

ಅಲ್ಲಿಂದ ಹಾಸನಕ್ಕೆ ಹೊರಟವನು, ಮಲ್ಲಿಪಟ್ಟಣದ ಬಸ್ಸು ಖಾಲಿ ನಿಂತಿತ್ತು ಅಂತ ಹತ್ತಿಬಿಟ್ಟೆ. ಅಲ್ಲಿ ಯಾರೂ ಗೊತ್ತಿಲ್ಲ, ಕೆಲಸವೂ ಇಲ್ಲ. ಅಲ್ಲಿಂದ ಇನ್ನೊಂದು ಊರು, ಮತ್ತೊಂದು. ನನ್ನ ಚಾಳಿಯೇ ಅದು. ಹೇಳಿ ಹೋಗೋಕೆ ಯಾರಿದ್ದರು?

ಒಂಬತ್ತನೇ ದಿನ ಬಂದರೆ ರೂಮಿನ ಬಾಗಿಲು ತೆಗೆದಿತ್ತು. ನನ್ನ ಮಂಚದ ಮೇಲೆ, ನನ್ನ ಲೋಟದಲ್ಲಿ ಕಾಫಿ ಕುಡೀತಾ ಒಬ್ಬ ಮೇಷ್ಟ್ರು.

“ಯಾರು ಬೇಕಿತ್ತು?” ಅಂದರು.

“ಈ ರೂಮಿನವನು.”

“ನಾನೇ, ಹೇಳಿ.”

ಓನರಮ್ಮ ಸೌಟು ಹಿಡಿದೇ ಬಂದರು. “ಎಲ್ಲಿ ಸತ್ತಿದ್ಯೋ? ಬೆಳಿಗ್ಗೆ ನೀನು ಓಗ್ಬತ್ತೀನಿ ಅಂದಾಗ್ಲೇ ಕಣೋ ನಾನು ಅನ್ನಕ್ಕಿಡೋದು. ಮೊದಲ್ನೇ ದಿನ ಸದ್ದಿಲ್ಲ, ಅನ್ನ ತಡ ಆಯ್ತು. ಎರಡ್ನೇ ದಿನ ಬಾಗಿಲು ಬಡ್ದೆ. ಮೂರ್ನೇ ದಿನ ಬಸ್ಟ್ಯಾಂಡಿಗೋಗಿ ವಿಚಾರ್ಸ್ದೆ. ಬರಲ್ಲ ಅಂದ್ಕೊಂಡು ನಾಲ್ಕ್ನೇ ದಿನ ರೂಮು ಇವ್ರಿಗೆ ಕೊಟ್ಟೆ.”

ಬ್ಯಾಗು ಕೆಳಗಿಟ್ಟೆ. ಆಮೇಲೆ ಬಾಯಿಗೆ ಬಂದದ್ದು ನಮ್ಮ ಕಸುಬಿನ ಮಾತು. “ಮೂರು ದಿನ ಕಾದದ್ದು ಕಮ್ಮಿ ಆಯ್ತಮ್ಮ. ನನ್ನಂಥವನಿಗೆ ಹತ್ತು ಇಡಬೇಕು.”

“ಆಯ್ತು, ಇನ್ಮೇಲೆ ಹತ್ತು.”

“ಈಗ ಎಲ್ಲಿಗೆ ಹೋಗ್ಲಿ?”

ಓನರಮ್ಮ ನನ್ನನ್ನ ಒಂದು ಸಲ, ಮೇಷ್ಟ್ರನ್ನ ಒಂದು ಸಲ, ಮೇಲಿಂದ ಕೆಳಗೆ ನೋಡಿದರು.

“ಎಲ್ಲಿಗೂ ಬೇಡ. ಇಬ್ರೂ ಸಣ್ಣಕ್ಕಿದ್ದೀರಿ, ಸಾಕಾಯ್ತದೆ.”