ಬೀಗತಿಯ ಚೀಟಿ ಬುಟ್ಟಿ

ನಮ್ಮ ಬೀಗತಿ ಯಾರನ್ನಾದರೂ ನಂಬಿಯಾರು, ರಾಶಿಯ ಮೇಲಿನ ಬದನೆಕಾಯಿಯನ್ನು ಮಾತ್ರ ನಂಬುವುದಿಲ್ಲ! ಅಫಜಲಪುರದ ಸಂತೆಯಲ್ಲಿ ಮೊಣಕೈತನಕ ಕೈ ಹಾಕಿ ತಳದ ಕಾಯಿ ತೆಗೆಯುವುದನ್ನು ನಾನೇ ನೋಡಿದ್ದೇನೆ.

"ಅವ್ವಾರ, ಮ್ಯಾಲಿನವು ಛಲೋ ಅದಾವ್ರಿ," ಎಂದು ಮಾರುವವನು ಗೋಗರೆದ.

"ಮ್ಯಾಲಿನವು ನೀ ಇಟ್ಟಿದ್ದು ತಮ್ಮಾ. ತಳದಾಗಿನವು ತಾವ ಬಿದ್ದಾವ."

ಯಾವುದೋ ಸಮೀಕ್ಷೆಗೆಂದು ಮನೆಮನೆ ತಿರುಗಿದ ಕಾಲದಲ್ಲಿ ಹತ್ತಿದ ರೋಗವಂತೆ ಇದು. ಎಲ್ಲ ಮನೆಗಳ ಹೆಸರು ಬರೆದು ಚೀಟಿ ಎತ್ತಬೇಕು, ಚೀಟಿಯಲ್ಲಿ ಬಂದ ಮನೆಯವರನ್ನೇ ಕೇಳಬೇಕು.

ಇಂಥವರು ತಮ್ಮ ಮೊಮ್ಮಗನಿಗೆ ನನ್ನ ಮೊಮ್ಮಗಳನ್ನು ತಂದುಕೊಳ್ಳುವ ಮುಂಚೆ, ನಮ್ಮ ಮನೆತನ ವಿಚಾರಿಸಲು ಜೇವರ್ಗಿಯಿಂದ ನಿಂಬರ್ಗಾಕ್ಕೆ ಬಂದರು. ನಾನೇನು ಕಡಿಮೆಯೇ? ಮೂವರು ಗೆಳೆಯರಿಗೆ ಚಹಾ ಕುಡಿಸಿ, ಹೇಳಬೇಕಾದ್ದನ್ನು ಕಲಿಸಿ, ಕಟ್ಟೆಯ ಮೇಲೆ ಕೂರಿಸಿದ್ದೆ. ಬೀಗತಿ ಅತ್ತ ಒಮ್ಮೆ ನೋಡಿದರು, ಅಷ್ಟೆ.

"ಅವು ಮ್ಯಾಲಿನ ಬದನಿಕಾಯಿ. ನೀವು ಓಣ್ಯಾಗಿನ ಮನಿ ಹೆಸರು ಹೇಳ್ರಿ, ಬರಕೋತೇನಿ."

ಹೇಳಿದೆ. ಪಕ್ಕದ ಶಿವಲಿಂಗಪ್ಪನ ಮನೆಯೊಂದನ್ನು ಬಿಟ್ಟು. ಬಚ್ಚಲ ನೀರಿನ ಜಗಳದಲ್ಲಿ ಅವನ ತೀರಿಹೋದ ತಾಯಿಯನ್ನೂ ಬೈದಿದ್ದೆ. ತಪ್ಪು ನನ್ನದೇ. ಅಂದಿನಿಂದ ಮಾತಿಲ್ಲ. ಅವನು ಬಾಯಿ ತೆರೆದರೆ ಈ ಸಂಬಂಧ ಉಳಿದೀತೇ?

ಬೀಗತಿ ರೊಟ್ಟಿ ಬುಟ್ಟಿಯಲ್ಲಿ ಚೀಟಿ ಕಲಸಿ, ಕಣ್ಣು ಮುಚ್ಚಿ ನಾಲ್ಕು ಎತ್ತಿ, ಆ ಮನೆಗಳಿಗೆ ಹೋಗಿ ಬಂದರು.

"ಹುಡುಗಿ ಬಂಗಾರ ಅಂತಾರ್ರಿ. ಮುದುಕನ ಬಾಯಿ, ಬಚ್ಚಲ ನೀರಿನ ಜಗಳದ ಬಗ್ಗೆ ಕೇಳಬ್ಯಾಡ್ರಿ," ಎಂದು ನಕ್ಕರು. ಆಮೇಲೆ ಹೊಸ್ತಿಲಲ್ಲಿ ನಿಂತು ಓಣಿಯ ಬಾಗಿಲು ಎಣಿಸಿದರು. "ಬೀಗರ, ಚೀಟಿಗಿಂತ ಒಂದು ಬಾಗಲಾ ಹೆಚ್ಚೈತಲ್ರಿ?"

"ಅದು ಶಿವಲಿಂಗಪ್ಪನ ಮನಿ, ಲೆಕ್ಕಕ್ಕಿಲ್ರಿ."

"ಒಂದು ಮನಿ ಬಿಟ್ರ ಉಳಿದ ಚೀಟಿನೂ ಸುಳ್ಳಾಕ್ಕಾವ."

ಒಳಗೆ ಹೋಗಿ ಎಲ್ಲ ಚೀಟಿ ಹೊಸದಾಗಿ ಬರೆದು ತಂದು ಬುಟ್ಟಿ ಮುಂದೆ ಹಿಡಿದರು. "ಈ ಸಲ ನೀವ ಎತ್ರಿ."

ಎತ್ತಿದೆ. ಬಂದದ್ದು ಯಾರ ಹೆಸರು? ಶಿವಲಿಂಗಪ್ಪನದೇ!

"ನಡೀರಿ, ನೀವೂ ಬರ್ರಿ."

ಅವನ ಅಂಗಳದಲ್ಲಿ ಬೀಗತಿ ಹುಡುಗಿಯ ಬಗ್ಗೆ ಕೇಳಿದರು. ಅವನು ನನ್ನನ್ನೇ ದಿಟ್ಟಿಸಿದ. ನನಗೆ ತಡೆಯಲಾಗಲಿಲ್ಲ. "ನಿಮ್ಮವ್ವಗ ಹಂಗ ಅನಬಾರದಿತ್ತೋ ಶಿವಲಿಂಗಾ. ತಪ್ಪಾತು."

ಅವನು ಬೀಗತಿಯ ಕಡೆ ತಿರುಗಿದ. "ಈ ಮುದುಕ ಸರಿ ಇಲ್ರಿ. ಆದ್ರ ಹುಡುಗಿ ಹೆಜ್ಜಿ ಇಡೂದು ಕಲತಿದ್ದು ಇದ ಅಂಗಳದಾಗ. ಮದವಿ ಹಂದರ ಎರಡೂ ಮನಿಗೆ ಕೂಡಿಸಿ ಹಾಕಸ್ರಿ," ಎಂದವನೇ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಮನೆಗೆ ಬಂದು ಬುಟ್ಟಿ ಬರಿದು ಮಾಡುವಾಗ ಉಳಿದ ಚೀಟಿಗಳನ್ನು ಬಿಚ್ಚಿದೆ. ಶಿವಲಿಂಗಪ್ಪ. ಶಿವಲಿಂಗಪ್ಪ. ಎಲ್ಲದರಲ್ಲೂ ಶಿವಲಿಂಗಪ್ಪ.

ಬದನೆಕಾಯಿಯ ರಾಶಿಯಲ್ಲೂ ಮೋಸ ಸಹಿಸದ ಆ ಹೆಂಗಸು ನನಗಾಗಿ ಇಷ್ಟೂ ಚೀಟಿಯಲ್ಲಿ ಮೋಸ ಮಾಡಿದ್ದರು. ಮತ್ತೆ ಮಡಚಿ, ಎದೆಯ ಕಿಸೆಯಲ್ಲಿಟ್ಟುಕೊಂಡೆ.