ಇಪ್ಪತ್ತೊಂಬತ್ತು ಜನರ ನೆರಳು

ಶಿಡ್ಲಘಟ್ಟದ ಸರ್ಕಾರಿ ಕಚೇರಿಯೊಂದರಲ್ಲಿ ಯೋಜನಾ ಗುಮಾಸ್ತನಾಗಿದ್ದ ಅಚ್ಯುತನ ಆ ದಿನದ ಕಷ್ಟಕ್ಕೆಲ್ಲ ಕಾರಣ, ಕಂಪ್ಯೂಟರಿನ ಒಂದು ಚೌಕದಲ್ಲಿ ಕೂತಿದ್ದ ಹನ್ನೆರಡು ಎಂಬ ಅಂಕಿ.

ಸಾದಲಿಯ ರಸ್ತೆ ಅಗಲ ಮಾಡುವಾಗ ಹಳೆಯ ಹುಣಸೆ ಮರಗಳನ್ನೆಲ್ಲ ಕಡಿದಿದ್ದರು. ಮತ್ತೆ ಸಸಿ ನೆಟ್ಟುಕೊಡಿ ಎಂದು ಊರಿನವರು ಅರ್ಜಿ ಹಾಕಿದ್ದರು. ಯಾವ ಕಾಮಗಾರಿಯಾದರೂ ಮುಂದೆ ಬರುವ ಲಾಭವನ್ನು ವರ್ಷಕ್ಕೆ ನೂರಕ್ಕೆ ಹನ್ನೆರಡರಂತೆ ಇಳಿಸಿ, ಇವತ್ತಿನ ಬೆಲೆಗೆ ತಂದು ನೋಡಬೇಕೆಂಬುದು ಕಚೇರಿಯ ನಿಯಮ. ಹುಣಸೆಯೋ ನಿಧಾನದ ಗಿಡ. ಅದು ನೆರಳು ಕೊಡುವ ಹೊತ್ತಿಗೆ ಲಾಭವೆಲ್ಲ ಬಿಸಿಲಿಗಿಟ್ಟ ಐಸ್‌ಕ್ಯಾಂಡಿಯಂತೆ ಕರಗಿ ಬರೀ ಕಡ್ಡಿ ಉಳಿದಿತ್ತು.

“ಐದು ಗಂಟೆಯೊಳಗೆ ಲೆಕ್ಕ ಸರಿ ಮಾಡಿ ಕಳಿಸಿ. ಆಗಲ್ಲ ಅಂದ್ರೆ ಊರಿನೋರ ಸೈನ್ ತಗೊಂಡು ಫೈಲ್ ಕ್ಲೋಸ್ ಮಾಡಿ,” ಎಂದು ಚಿಕ್ಕಬಳ್ಳಾಪುರದಿಂದ ಮೇಲಧಿಕಾರಿ ಶಾಂಭವಿ ಮೇಡಂ ಬೆಳಿಗ್ಗೆಯೇ ಫೋನ್ ಮಾಡಿದ್ದರು. ಲ್ಯಾಪ್‌ಟಾಪ್ ಹೆಗಲಿಗೇರಿಸಿ ಅಚ್ಯುತ ಸಾದಲಿಯ ಬಸ್ಸು ಹತ್ತಿದ.

ಪಂಚಾಯ್ತಿ ಜಗಲಿಯ ಮೇಲೆ ಹತ್ತು ಹನ್ನೆರಡು ಜನ ಸೇರಿದರು. ಅಚ್ಯುತ ಆದಷ್ಟು ಸುಲಭವಾಗಿ ಹೇಳಲು ನೋಡಿದ.

“ನೋಡಿ, ಮೂವತ್ತು ವರ್ಷ ಆದ್ಮೇಲೆ ಸಿಗೋ ಮೂವತ್ತು ಕೆಜಿ ಹುಣಸೆಹಣ್ಣು ಇವತ್ತಿನ ಒಂದು ಕೆಜಿಗೆ ಸಮ. ನೆರಳೂ ಹಂಗೇ. ಆವಾಗ ಮೂವತ್ತು ಜನ ನೆರಳಲ್ಲಿ ನಿಂತ್ರೆ, ನಮ್ಮ ಲೆಕ್ಕದಲ್ಲಿ ಒಬ್ರು ನಿಂತಂಗೆ.”

ಎಲ್ಲರೂ ಅರ್ಥವಾದವರಂತೆ ತಲೆಯಾಡಿಸಿದರು. ರೇಷ್ಮೆಹುಳುವಿಗೆ ಸೊಪ್ಪು ಹಾಕಿ ಹಾಗೇ ಎದ್ದುಬಂದಿದ್ದ ಎಂಬತ್ತೊಂದರ ಅಕ್ಕಯ್ಯಮ್ಮ ಮಾತ್ರ ಆಡಿಸಲಿಲ್ಲ.

“ನಾಯ್ನಾ, ಮಿಕ್ಕ ಇಪ್ಪತ್ತೊಂಬತ್ತು ಜನ ಬಿಸಿಲಲ್ಲಿ ನಿಲ್ಬೇಕಾ?”

ಅಚ್ಯುತನ ತರಬೇತಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

“ಅವ್ರು ಇನ್ನೂ ಹುಟ್ಟಿಲ್ವಲ್ಲ ಅಜ್ಜಿ,” ಎಂದ ಮೆಲ್ಲಗೆ.

“ನಾನೂ ಹುಟ್ಟಿರ್ಲಿಲ್ಲ. ಕಡಿದ್ರಲ್ಲ, ಅದ್ರಲ್ಲಿ ಒಂದು ಮರ ಹಾಕಿದ್ದು ನಮ್ಮತ್ತೆ. ನಾನು ಸೊಸೆಯಾಗಿ ಬಂದ್ಮೇಲೆ ಅವಳಿಗೆ ನನ್ನ ಕಂಡ್ರೆ ಆಗ್ತಿರ್ಲಿಲ್ಲ. ಆದ್ರೂ ಅರವತ್ತು ವರ್ಷ ಅವಳ ನೆರಳಲ್ಲೇ ಬಸ್ಸಿಗೆ ಕಾದಿದೀನಿ. ಬೈಕೊಂಡೇ ಕಾದಿದೀನಿ.”

ಪಂಚಾಯ್ತಿ ಸದಸ್ಯ ಮೋಹನ್‌ಬಾಬು ಲ್ಯಾಪ್‌ಟಾಪಿಗೆ ಬಗ್ಗಿದ. “ಆ ಹನ್ನೆರಡನ್ನ ಅಳಿಸಕ್ಕಾಗಲ್ವಾ ಸಾರ್?”

“ಮೂರರವರೆಗೂ ಇಳಿಸ್ಬೋದು. ತಕ್ಕ ಕಾರಣ ಬರೀಬೇಕು.”

ಹಾಗೆ ಹೇಳಬಾರದಿತ್ತು. ಊರಿಡೀ ಕಾರಣ ಹುಡುಕಲು ಕೂತಿತು. ಅವರು ಸೈನ್ ಹಾಕಲಿಲ್ಲ, ಅವನನ್ನು ಬಿಡಲೂ ಇಲ್ಲ. ಮಧ್ಯಾಹ್ನದ ಬಸ್ಸು ಹೋಯಿತು. ಅಕ್ಕಯ್ಯಮ್ಮನ ಮನೆಯಲ್ಲಿ ಮುದ್ದೆ, ಹುರುಳಿ ಸಾರಿನ ಊಟವಾಯಿತು. ಎರಡನೇ ಮುದ್ದೆ ಬೇಡವೆಂದವನ ತಟ್ಟೆಗೆ ಮೂರನೆಯದೂ ಬಿತ್ತು. ನಾಲ್ಕೂವರೆಗೆ, ಹೊಟ್ಟೆಯೂ ಮನಸ್ಸೂ ಭಾರವಾಗಿ, ಅಚ್ಯುತ ಹನ್ನೆರಡನ್ನು ಅಳಿಸಿ ಮೂರು ಎಂದು ಬರೆದ. ಲಾಭದ ಮೊತ್ತದ ಮುಂದಿದ್ದ ಮೈನಸ್ ಗುರುತು ಮಾಯವಾಯಿತು. ಕಾರಣದ ಜಾಗದಲ್ಲಿ, ಹೆಂಡತಿಗೂ ಅಷ್ಟು ಚೆನ್ನಾಗಿ ಪತ್ರ ಬರೆಯದವನು ಬರೆದ: ‘ಈ ಊರಿನ ಜನರಿಗೆ ಇಂದಿನ ಸುಖವೂ ಮುಂದಿನವರ ಸುಖವೂ ಹೆಚ್ಚುಕಡಿಮೆ ಒಂದೇ. ಇವರು ಕಾಯಬಲ್ಲರು.’

ಐದಕ್ಕೆ ಐದು ನಿಮಿಷವಿರುವಾಗ ಫೈಲ್ ಹೋಯಿತು. ಐದೂ ಕಾಲಿಗೆ ಮೇಡಂ ಫೋನ್ ಬಂತು. ಅಚ್ಯುತ ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ.

“ಪಾಸಾಯ್ತು ಅಚ್ಯುತ್. ತುಂಬ ಚೆನ್ನಾಗಿ ಬರ್ದಿದೀರಿ.”

ಮೋಹನ್‌ಬಾಬು ಅವನ ಬೆನ್ನು ತಟ್ಟಿದ.

“ಆದ್ರೆ ಹನ್ನೆರಡು ಫೈಲ್ ಪಾಸಾಗಿದೆ. ವರ್ಷಕ್ಕೆ ಒಂದೇ ಕೆಲ್ಸಕ್ಕೆ ಅನುದಾನ ಇರೋದು. ಬೇರೆಯೋರೆಲ್ಲ ತುರ್ತು, ತುರ್ತು ಅಂತ ಬರ್ದಿದಾರೆ. ಕಾಯಬಲ್ಲರು ಅಂತ ಬರ್ದಿರೋದು ನೀವೊಬ್ರೇ. ನಿಮ್ದು ಕೊನೇಗೆ ಇಟ್ಟಿದೀನಿ. ಹನ್ನೊಂದು ವರ್ಷಕ್ಕೆ ಬರುತ್ತೆ.”

ಅಚ್ಯುತನಿಗೆ ತಲೆಯೆತ್ತಲು ಆಗಲಿಲ್ಲ.

“ತಪ್ಪಾಯ್ತು ಅಜ್ಜಿ,” ಎಂದ.

“ನಿಜಾನೇ ಬರ್ದಿದೀಯ, ತಪ್ಪೇನು ಬಂತು,” ಎಂದಳು ಅಕ್ಕಯ್ಯಮ್ಮ. “ನಂಗೆ ಆವಾಗ ತೊಂಬತ್ತೆರಡು. ಬಗ್ಗಿ ಗಿಡ ನೆಡಕ್ಕಾಗಲ್ಲ. ಬಾ, ನಮ್ಮ ಹಿತ್ತಲಲ್ಲಿರೋ ಒಂದು ಹುಣಸೆ ಗಿಡ ಇವತ್ತೇ ಹಾಕಣ.”

ರಸ್ತೆ ಬದಿಯಲ್ಲಿ ಅವನ ಕೈಗೆ ಗುದ್ದಲಿ ಬಂತು. ಇಸ್ತ್ರಿ ಶರ್ಟಿನ ತೋಳು ಮಡಚಿ ಅಚ್ಯುತ ಅಗೆಯತೊಡಗಿದ. ಅಗೆಯುವವನು ಒಬ್ಬ, ಹೇಳುವವರು ಹನ್ನೊಂದು ಜನ. ಒಂದಡಿ ಈ ಕಡೆ ಎಂದವನ ಮಾತು ಕೇಳಿ ಒಂದು ಗುಂಡಿ, ಆ ಕಡೆ ಎಂದವನ ಮಾತು ಕೇಳಿ ಇನ್ನೊಂದು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ವರ್ಷಗಳ ನಂತರ ಅವನಿಗೆ ಏನೋ ಕೆಲಸ ಮಾಡಿದಂತೆ ಅನ್ನಿಸಿತು.

ಆಗ ಜೇಬಿನ ಫೋನು ಗುರ್ರೆಂದಿತು. ಹನ್ನೆರಡೂ ಫೈಲಿನವರಿಗೆ ಮೇಡಂ ಕಳಿಸಿದ ಮೆಸೇಜು: ‘ಮಂಜೂರಾತಿಗೆ ಮೊದಲು ಸ್ಥಳದಲ್ಲಿ ಗುಂಡಿ ತೆಗೆದಿದ್ದರೆ ಫೈಲ್ ರದ್ದು, ಗುಮಾಸ್ತರ ಮೇಲೆ ಕ್ರಮ. ಇವತ್ತೇ ಸ್ಥಳದ ಫೋಟೊ ಕಳಿಸಿ.’

ಅಚ್ಯುತ ಎರಡೂ ಗುಂಡಿಗಳನ್ನು ನೋಡಿದ.

“ಏನಂತಪ್ಪ?” ಎಂದಳು ಅಕ್ಕಯ್ಯಮ್ಮ.

“ಈ ಜಾಗದ ಫೋಟೊ ಕೇಳಿದಾರೆ ಅಜ್ಜಿ.”

ಅವಳ ಮುಖ ಅರಳಿತು. ಸೆರಗು ಸರಿಮಾಡಿಕೊಂಡು, ಗಿಡವನ್ನು ಮಗುವಿನಂತೆ ಎದೆಗೊತ್ತಿಕೊಂಡು ಗುಂಡಿಯ ಅಂಚಿಗೆ ಬಂದು ನಿಂತಳು.

“ತೆಗಿ ಮತ್ತೆ. ಗುಂಡಿ ಚೆನ್ನಾಗಿ ಕಾಣೋ ಹಂಗೆ ತೆಗಿ.”

ಅಚ್ಯುತ ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಗುಂಡಿ ಬರುವ ಹಾಗೆ ತೆಗೆದ.